ಜ್ವಾಳದ ಕಾಳಷ್ಟು ಸುಣ್ಣ

…ಮತ್ತ ಬಟ್ಟಲಾ ಸರಿಸಿದ್ರಿ? ಸಪ್ಪಳ ಬಂತ್ರಿ, ಸಪ್ಪಳ! ಸವಣೂರಾಗ ಹುಟ್ಟಿ, ಸವಣೂರಾಗ ಬೆಳದು, ಸವಣೂರ ಖಾರಾ ಒಲ್ಲೆ ಅಂದ್ರ ಊರ ಮಂದಿ ಏನಂದಾರು? ಪಾಪ ಖಾರದಂಗಡಿ ಸುಮೇರಾ, ಅಂಗಡಿ ಬಿಟ್ಟು ಎದ್ದು ಬಂದು ಬಿಸಿಬಿಸಿ ಕರದದ್ದು ಕಟ್ಟಿ ಕೊಟ್ಟಾಳ. 'ಚಾಚಿ, ಫಕ್ಕೀರಪ್ಪ ಚಾಚಾಗ ಕೊಡ್ರಿ' ಅಂತ. ಆಕಿಗೂ ಗೊತ್ತೈತಿ, ಮದುವಿಯಾದ ಮರುದಿನ ಹೆಂಡ್ತಿ ಮಾರಿ ನೋಡೂದಕಿಂತ ಮೊದಲ ಖಾರದ ಪೊಟ್ಟಣಾ ಬಿಚ್ಚಿದ ಗಂಡು ನೀವು ಅಂತ. ನಗಬ್ಯಾಡ್ರಿ! ಸುಳ್ಳೇನು?

ಮತ್ತೇನಾತು? ಹಲ್ಲು ನೋಯಾಕತ್ತಾವೇನು?… ಇಲ್ಲ? ಹೊಟ್ಟಿ?… ಅದೂ ಇಲ್ಲ. ಹಂಗಾರ ನನ್ನ ಮ್ಯಾಲ ಸಿಟ್ಟು! ನಿನ್ನೆ ರೊಟ್ಟಿ ಹಾಲಾಗ ಕಲಸಿ ಉಂಡ್ರಿ, ಕೂಸಿನಂಗ. ಕೆಂಪ ಚಟ್ನಿ ಅಂದ್ರ ಜೀವಾ ಬಿಡೂ ಮನಶ್ಯಾ ಚಟ್ನಿ ಕಡೆ ಹಾಯಲಿಲ್ಲ. ಹೋಗ್ಲಿ ಬಿಡ್ರಿ, ಒಲ್ಲದ ಗಂಡಗ ಮೊಸರಾಗ ಕಲ್ಲು.

ಎಲಿ ಆದ್ರೂ ತಿಂತೀರಿಲ್ಲೋ?… ನೋಡು, ಅದಕ್ಕ ಮಾತ್ರ ಹೂಂ ಬಂತು ಲಗೂನ!

ಎಲಿ-ಅಡಿಕಿ ಚಂಚಿ ಎಲ್ಲಿ… ಓ, ನನ್ನ ತೊಡಿ ಮ್ಯಾಲನ ಇಟ್ಟೀರಿ. ಇತ್ತಿತ್ತಲಾಗ ಭಾಳ ಶಾಣ್ಯಾ ಆಗೀರಿ ಬಿಡ್ರಿ. ತಂಬಗಿ ಹೊಸ್ತಿಲ ಬಲಕ್ಕ, ಕಡ್ಡಿಪೆಟಗಿ ಒಲಿ ದಂಡಿಗೆ, ಒಂದೂ ಜಾಗಾ ತಪ್ಪಂಗಿಲ್ಲ. ವಯಸ್ಸಿನ್ಯಾಗ ಅಂಗಿ ಎಲ್ಲಿ ಬಿಚ್ಚಿ ಒಗದೇನಿ ಅಂತ ನಿಮಗ ಗೊತ್ತಿರತಿದ್ದಿಲ್ಲ!

ಆಹಾ, ಎಂಥಾ ಎಲಿ! ನಮ್ಮ ತ್ವಾಟದ ಎಲಿ ಅಂದ್ರ ಕೈಯಾಗ ಹಿಡದ್ರನ ತಂಪು. ತೊಟ್ಟು ಮುರದು, ಸೆರಗಿಗೆ ಒರಸಿ, ಬೆನ್ನಿಗೆ ಸುಣ್ಣಾ… ಎಷ್ಟು? ಜ್ವಾಳದ ಕಾಳಷ್ಟು. ಹೆಚ್ಚಾದ್ರ ಬಾಯಿ ಸುಡತೈತಿ, ಕಡಿಮ್ಯಾದ್ರ ತುಟಿ ಕೆಂಪಾಗಂಗಿಲ್ಲ. ಮಂದಿ ಮನಿ ಕಟ್ಟಿದ್ದು, ಮಗಳ ಮದುವಿ ಮಾಡಿದ್ದು ಹೇಳ್ಕೋತಾರ. ನನಗ ಅದೆಲ್ಲ ನೆಪ್ಪ ಇರಂಗಿಲ್ಲ. ಉಂಡ ಮ್ಯಾಲ ಅಡಿಕಿ ಇಟ್ಟು ಒಂದು ಎಲಿ ಮಡಚಿ ಕೊಡೂದು, ನೀವು ಅದನ್ನ ದವಡಿಗೆ ಒತ್ಕೊಂಡು ಕಣ್ಣು ಮುಚ್ಚೂದು… ನನ್ನ ಬಾಳೇವು ಅಂದ್ರ ಅಷ್ಟರಿ. ಅಷ್ಟರಾಗ ಸುಖಾನೂ ಐತಿ.

ಆದ್ರ ಒಂದ ಮಾತು ಕೇಳ್ತೇನಿ. ಇಷ್ಟು ವರ್ಷದಾಗ ಒಮ್ಮೆ ಚಲೋ ಅಂದವ್ರಲ್ಲ. ದೀಪಾವಳಿ ಆದಾಗಿಂದ ಏನು ಬಂದೈತಿ ನಿಮಗ? ದಿನಾ 'ಚಲೋ ಆಗೇತಿ, ಚಲೋ ಆಗೇತಿ'! ಮುದುಕಗ ಹೊಸಾ ಹುರುಪು ಬಂದೈತಿ ಅಂತ ಸುಮೇರಾನ ಮುಂದ ಹೇಳಿ ಹೊಟ್ಟಿ ಹುಣ್ಣಾಗುವಂಗ ನಕ್ಕೇನಿ. ಯಾಕ್ರಿ, ನಾಚಿಕಿ ಬಂತೇನು?

ತಗೋರಿ. ಹಿಡೀರಿ ಲಗೂ, ಕೈ ಸೋಲಾಕತ್ತೈತಿ. ಮಾರಿ ಸಣ್ಣದು ಮಾಡ್ಕೊಂಡು ಏನು ನೋಡಾಕತ್ತೀರಿ ನನ್ನ?… ಏನ್ರಿ?… ಅದೀರಿಲ್ಲೋ?

ಅಯ್ಯವ್ವಾ! ಈ ಕಡೆ… ನನ್ನ ಮಗ್ಗಲಕ್ಕ ಯಾವಾಗ ಬಂದು ಕುಂತ್ರಿ? ನಾ ಎದುರಿಗೆ ಅದೀರಿ ಅಂತ… ಇಲ್ಲ ಇಲ್ಲ, ನೋಡಿದ್ದೆ. ನೋಡೇ ಚ್ಯಾಷ್ಟಿ ಮಾಡಿದೆ.

ಎಲಿ ಯಾಕ ಬಿಚ್ಚಾಕತ್ತೀರಿ? ನನ್ನ ಬಟ್ಟು ಹಿಡದು ಸುಣ್ಣದ ಮ್ಯಾಲ ಯಾಕ ಒತ್ತತೀರಿ, ಬಿಡ್ರಿ. ಸುಣ್ಣಾ ಸುಡತೈತಿ ಅಂತ ನಾ ಯಾವತ್ತೂ ಕಡ್ಡೀಲೆ ಹಚ್ಚಾಕಿ, ನಿಮಗ ಗೊತ್ತಿಲ್ಲೇನು… ಇದೇನ್ರಿ? ಇಷ್ಟು ಸುಣ್ಣಾ? ಹೆಬ್ಬಟ್ಟಿನಷ್ಟೈತಲ್ಲ! ನಾ ಹಚ್ಚಿದ್ದ?

ದಿನಾ ಇಷ್ಟ?

ಮಾತಾಡ್ರಿ. ದಿನಾ ಇಷ್ಟ ತಿಂದು ಚಲೋ ಆಗೇತಿ ಅಂದ್ರೇನು? ಬಾಯಿ ತಗೀರಿ… ತಗೀರಿ ಅಂದೆ. ಅಯ್ಯ ನನ್ನಪ್ಪಾ! ತುಟಿ ಮುಟ್ಟಿದ್ರ ಗುಳ್ಳಿ ಹತ್ತಾವಲ್ರಿ ಕೈಗೆ… ಎಂದಿನಿಂದ ಗೊತ್ತು ನಿಮಗ?… ಹೇಳಂಗಿಲ್ಲ. ಹೂಂ. ನಾನೂ ಹೇಳಲಿಲ್ಲಲ್ಲ.

ಕಾಣಂಗಿಲ್ರಿ. ಎಲ್ಲಾ ಮಸಕ ಮಸಕ. ನಮ್ಮವ್ವನ ಕಣ್ಣು ಹೋದಾಗ 'ನೀ ಕುಂದ್ರಬೇ, ನಾವು ಮಾಡ್ತೇವಿ' ಅಂದ್ರು ಎಲ್ಲಾರೂ. ಪ್ರೀತೀಲೇನ ಅಂದ್ರು. ಒಂದೊಂದ ಕೆಲಸಾ ಆಕಿ ಕೈಯಾಗಿಂದ ಹೋತು, ಆಮ್ಯಾಲ ಆಕೀನೂ ಹೋದ್ಲು. ನನಗ ಅದರ ಅಂಜಿಕಿ. ಇದೊಂದು ಎಲಿ ಮಡಚೂದು ನನ್ನ ಕೈಯಾಗಿಂದ ಕಸಗೋಬ್ಯಾಡ್ರಿ.

ಹುಬ್ಬಳ್ಳಿಗೆ ಬರ್ತೇನಿ. ಕಣ್ಣಿನ ಡಾಕ್ಟರು ಏನು ಮಾಡ್ತಾರ ಮಾಡ್ಲಿ, ನಾಳೆನ ಹೋಗೂಣು. ಆದ್ರ ಈಗ ಇನ್ನೊಂದು ಎಲಿ ಕೊಡ್ರಿ… ಹಾಂ. ಕಡ್ಡಿ ಬ್ಯಾಡ, ಸುಟ್ರ ಸುಡ್ಲಿ, ಬಟ್ಟೀಲೇನ ಹಚ್ತೇನಿ. ಎಷ್ಟಾತು? ಸಾಕೇನು?… ಬಾಯಿ ಬಿಟ್ಟು ಹೇಳ್ರಿ. ನನಗ ನಿಮ್ಮ ಮಾರಿ ಕಾಣಂಗಿಲ್ಲ.