ಒಂದೇ ಎಂಜಿನ್ನಿನಲ್ಲಿ ಇಳಿಯುವುದು

...ಬೇಡ, ಥೂರಾ ಅಕ್ಕ, ಇನ್ನು ಕಾಫಿ ಬೇಡ. ಮೂರು ಲೋಟ ಆಯ್ತು. ನೀವು ಕೂತ್ಕೊಳ್ಳಿ. ನೀವು ಹಾಗೆ ನಿಂತೇ ಇದ್ರೆ ನಂಗೆ ಮಾತೇ ಹೊರಡಲ್ಲ. ಅಕ್ಕ ಅಂದೆ ಅಂತ ಬೇಜಾರಿಲ್ಲ ತಾನೆ? ನಿಮ್ಮ ತಮ್ಮ ಎಸ್ಕಿಲ್‌ನ ಬಾಯಲ್ಲಿ ಕೇಳಿ ಕೇಳಿ ರೂಢಿಯಾಗಿಬಿಟ್ಟಿದೆ. ಅಕ್ಕ ಹಾಗೆ ಅಂದ್ಲು, ಅಕ್ಕ ಹೀಗೆ ಅಂದ್ಲು... ವಿಮಾನದಳದ ಊಟದ ಮನೇಲಿ ಹುಡುಗರೆಲ್ಲ ಅವನನ್ನ ರೇಗಿಸೋರು.

ನಿನ್ನೆ ಮಣ್ಣು ಮಾಡುವಾಗಲೇ ಮಾತಾಡಿಸ್ಬೇಕು ಅಂದ್ಕೊಂಡಿದ್ದೆ. ಆಗಲಿಲ್ಲ. ನೀವು ನನ್ನ ಕಡೆ ನೋಡಿದ್ರಿ, ನಾನು ಟೋಪಿ ಕೈಯಲ್ಲಿ ಹಿಡ್ಕೊಂಡು ಸಮುದ್ರದ ಕಡೆ ತಿರುಗಿಬಿಟ್ಟೆ. ಅದಕ್ಕೇ ಇವತ್ತು ಬಂದೆ. ಅವನಿಗೆ ಹಾರೋದು ಕಲಿಸಿದವನು ನಾನು. ಹೇಗಾಯ್ತು ಅನ್ನೋದನ್ನ ಕಾಗದದಲ್ಲಿ ಓದೋದಕ್ಕಿಂತ ನನ್ನ ಬಾಯಿಂದ ಕೇಳೋದು ಮೇಲು, ಅಲ್ವಾ?

ಹೇಳ್ತೀನಿ. ಸುಲಭವಾಗೇ ಹೇಳ್ತೀನಿ. ಆ ಜೆಟ್ಟಿಗೆ ಎರಡು ಎಂಜಿನ್ನು, ರೆಕ್ಕೆಗೆ ಒಂದೊಂದು. ಒಂದು ಕೆಟ್ರೆ ಇನ್ನೊಂದರ ಮೇಲೇ ಇಳಿಸೋಕೆ ಬರಬೇಕು. ಅದಕ್ಕೆ ನಾವು ಬೇಕಂತಲೇ ಒಂದನ್ನ ಬಂದ್ ಮಾಡಿ ಅಭ್ಯಾಸ ಮಾಡಿಸ್ತೀವಿ. ಆವತ್ತು ಗುರುವಾರ ಅವನ ಸರದಿ. ಗಾಳಿ ಇತ್ತು, ಆದ್ರೆ ಈ ಜಟ್ಲೆಂಡ್ ಕರಾವಳಿಯಲ್ಲಿ ಅಕ್ಟೋಬರ್ ತಿಂಗಳು ಗಾಳಿ ಇಲ್ಲದ ದಿನ ಯಾವುದು ಹೇಳಿ?

ನಾನು ರನ್‌ವೇ ತುದಿಯಲ್ಲಿ, ರೇಡಿಯೋ ಇರೋ ವ್ಯಾನಿನಲ್ಲಿದ್ದೆ. ಆಚೆ ಕರ್ನಲ್ ನಿಂತಿದ್ರು, ಕೋಪನ್‌ಹೇಗನ್‌ನಿಂದ ಬಂದೋರು, ದುರ್ಬೀನು ಹಿಡ್ಕೊಂಡು. ಏನಿಲ್ಲ, ನಮ್ಮ ಹುಡುಗರು ಹೇಗಿದ್ದಾರೆ ಅಂತ ನೋಡೋಕೆ. ನಂಗೂ ಬಡ್ತಿ ಬರೋದಿತ್ತು... ಇರಲಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎಸ್ಕಿಲ್ ಎಡಗಡೆ ಎಂಜಿನ್ ಬಂದ್ ಮಾಡಿ, ಚಕ್ರ ಇಳಿಸಿ, ಚೆನ್ನಾಗೇ ಬಂದ. ಸ್ವಲ್ಪ ಎತ್ತರದಲ್ಲಿ ಬಂದ, ಅಷ್ಟೇ. ಇಳಿದಿದ್ರೆ ರನ್‌ವೇಯ ಮುಕ್ಕಾಲು ದಾಟಿ ನಿಲ್ತಿದ್ದ. ಬಹಳ ಅಂದ್ರೆ ಕೊನೇಲಿ ಹುಲ್ಲಿಗೆ ನುಗ್ಗಿ ಚಕ್ರ ಮುರ್ಕೊಳ್ತಿದ್ದ. ಆದ್ರೆ ಇಳೀಲಿಲ್ಲ. ಇದ್ದಕ್ಕಿದ್ದ ಹಾಗೆ ಉಳಿದ ಒಂದು ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲಕ್ಕೇರೋಕೆ ಹೋದ. ಅಷ್ಟು ಕೆಳಗೆ ಬಂದ ಮೇಲೆ ಅದು ಆಗದ ಮಾತು. ಒಂದೇ ಕಡೆ ದೂಡಿದ್ರೆ ವಿಮಾನ ಇನ್ನೊಂದು ಕಡೆಗೆ ಮಗುಚಿಕೊಳ್ಳುತ್ತೆ, ಅಕ್ಕ. ಬೀಟ್‌ರೂಟ್ ಹೊಲಕ್ಕೆ ಬಿತ್ತು.

ಏನು? ಹೌದು, ಆರುನೂರು ಅಡಿ. ಅದಕ್ಕಿಂತ ಕೆಳಗೆ ಬಂದ್ರೆ ಇಳೀಲೇಬೇಕು, ಏನೇ ಆದ್ರೂ ಇಳೀಲೇಬೇಕು. ನಿಮಗೆ ಹೇಗೆ... ಈ ಮೇಜಿನ ಮೇಲೇ ತೋರಿಸಿದ್ನಾ? ಚಮಚ ಇಟ್ಕೊಂಡು? ಯಾವಾಗ, ಅದರ ಹಿಂದಿನ ಭಾನುವಾರವೇ? ನಿಮ್ಮ ಹತ್ರ ಪಾಠ ಒಪ್ಪಿಸಿದ್ನಾ...

ಅಂದ್ರೆ ಅವನಿಗೆ ಬಾಯಿಪಾಠ ಆಗಿತ್ತು. ಹೌದು. ಆದ್ರೂ ನೋಡಿ, ಗೊತ್ತಿರೋದು ಬೇರೆ, ಆ ಗಳಿಗೇಲಿ ನೆನಪಾಗೋದು ಬೇರೆ. ಇಪ್ಪತ್ಮೂರು ವರ್ಷದ ಹುಡುಗ. ತಲೆ ಕೆಟ್ಟಿರುತ್ತೆ, ಗಾಬರಿ ಬಿದ್ದಿರ್ತಾನೆ. ವಿಚಾರಣೆಯವರ ಮೊದಲ ವರದಿಯಲ್ಲೂ ಅದೇ ಇದೆ. ಚಾಲಕನ ತಪ್ಪು ನಿರ್ಧಾರ ಅಂತ. ಆ ಮಾತು ಒರಟಾಗಿದೆ, ಒಪ್ತೀನಿ. ಅವನು ಕೆಟ್ಟ ಚಾಲಕ ಅಂತ ಅದರರ್ಥ ಅಲ್ಲ.

ಯಾಕೆ ತಲೆ ಅಲ್ಲಾಡಿಸ್ತೀರಿ? ಗಾಬರಿ ಬೀಳೋನಲ್ಲ ಅಂತೀರಾ? ಅಮ್ಮ ತೀರಿಕೊಂಡಾಗ, ಯುದ್ಧದಲ್ಲಿ ಜರ್ಮನ್ನರು ಇಲ್ಲಿದ್ದಾಗ, ಹತ್ತು ವರ್ಷದವನು ಒಬ್ಬನೇ ಕತ್ತಲಲ್ಲಿ ಸೈಕಲ್ ತುಳ್ಕೊಂಡು ಹೋಗಿ ಪಾದ್ರಿಯನ್ನ ಕರ್ಕೊಂಡು ಬಂದಿದ್ದ, ನಂಗೆ ಗೊತ್ತು, ಅವನೇ ಹೇಳಿದ್ದ. ನಾನೂ ಅದನ್ನೇ ಹೇಳೋದು. ಅವನು ಧೈರ್ಯವಂತ. ನಿಮಗೆ ಸಮಾಧಾನ ಆಗೋದಾದ್ರೆ ಹೇಳ್ತೀನಿ, ಕೊನೇ ಗಳಿಗೇಲೂ ಅವನ ದನಿ ನಡುಗಲಿಲ್ಲ. ಹೆದರಿದ್ದೇ ಇಲ್ಲ. ತಣ್ಣಗೆ, ಹೇಗೆ ದಿನಾ ಅಂತಿದ್ನೋ ಹಾಗೇ, 'ಸರಿ' ಅಂದ. ಅಷ್ಟೇ. 'ಸರಿ' ಅಂದು ಮೇಲಕ್ಕೆ...

...

ಯಾಕೆ ಹಾಗೆ ನೋಡ್ತೀರಿ?

ಅಂದೆನಲ್ಲ, ಅವನೇ ಮನಸ್ಸು ಬದಲಾಯಿಸಿದ ಅಂತ. ರೇಡಿಯೋದಲ್ಲಿ ಬೇರೆ ಯಾರೂ... ವ್ಯಾನಿನಲ್ಲಿ ನಾನೊಬ್ಬನೇ ಇದ್ದದ್ದು.

ಅಕ್ಕ, ಏನಾದ್ರೂ ಅನ್ನಿ. ಯಾವುದಕ್ಕೆ 'ಸರಿ' ಅಂದ ಅಂತಾದ್ರೂ ಕೇಳಿ. ವಿಚಾರಣೆಯವರು ಕೇಳಲಿಲ್ಲ. ಅವರ ಮುಂದೆ ಈ ಮಾತು ನಾನು ತೆಗೀಲೇ ಇಲ್ಲ.

ಎತ್ತರದಲ್ಲಿ ಬಂದ. ಕರ್ನಲ್ ದುರ್ಬೀನು ಇಳಿಸಿ, ವ್ಯಾನಿನ ಕಿಟಕಿಯಲ್ಲಿ ಬಗ್ಗಿ ನನ್ನ ಮುಖ ನೋಡಿದ್ರು. ಬರೀ ನೋಡಿದ್ರು. ನಂಗೆ ನಾಚಿಕೆ ಆಯ್ತು. ನಾನು ಕಲಿಸಿದ ಹುಡುಗ ಹುಲ್ಲಿಗೆ ನುಗ್ಗಿ ನಿಲ್ತಾನಲ್ಲ ಅಂತ. ಮೈಕು ಕೈಲಿತ್ತು. 'ಇಳೀಬೇಡ, ಇನ್ನೊಂದು ಸುತ್ತು ಬಾ' ಅಂದೆ.

ಇನ್ನೂರು ಅಡಿ ಇರಬೇಕು ಆಗ. ನಿಮಗೆ ಚಮಚ ಇಟ್ಟು ತೋರಿಸಿದ್ದ ಪಾಠ ಅವನಿಗೆ ಮರೆತಿರಲಿಲ್ಲ. ಉತ್ತರ ಕೊಡೋಕೆ ಒಂದು ಗಳಿಗೆ ತಡ ಮಾಡಿದ. ಆ ತಡ ನಂಗೆ ಕೇಳಿಸ್ತು, ಅಕ್ಕ. ಮಾತು ವಾಪಸ್ ತಗೊಳ್ಳೋಕೆ ಅಷ್ಟು ಹೊತ್ತು ಸಾಕಿತ್ತು.

ಆಮೇಲೆ 'ಸರಿ' ಅಂದ. ಹೇಳಿದ್ದು ನಾನಲ್ವಾ, ಅದಕ್ಕೆ.