ಏಳು ಭಾಗವಾದ ಪುಸ್ತಕ

೧೯೭೨ರ ಒಂದು ಬೆಳಿಗ್ಗೆ ಮಟ್ಟಾಂಚೇರಿಯ ಬೋಟ್ ಜೆಟ್ಟಿಯಲ್ಲಿ ಎರ್ನಾಕುಲಂ ಟಿಕೆಟಿಗೆ ನಿಂತಿದ್ದೆ. ಬೆನ್ನ ಹಿಂದೆ ಕಾಸರಗೋಡಿನ ಕನ್ನಡ ಕೇಳಿಸಿತು. ಆತ ಯಾವುದೋ ಕಾಲೇಜಿನ ಹೆಡ್ ಕ್ಲಾರ್ಕ್, ಆಕೆ ಅಲ್ಲಿಯೇ ಲೈಬ್ರೇರಿಯನ್ ಎಂಬುದು ಮಾತಿನಿಂದಲೇ ತಿಳಿಯಿತು.

“ಲೈಬ್ರರಿ ಪುಸ್ತಕಕ್ಕೆ ಬ್ಲೇಡು ಹಾಕುವುದಾ ಶಂಕರಿ? ನಿನಗೆ ಮಂಡೆ ಸಮ ಉಂಟಾ?”

“ಕೆಮಿಸ್ಟ್ರಿಗೆ ಇರುವುದು ಒಂದೇ ಪುಸ್ತಕ, ಮಹೇಶ್ವರಣ್ಣ. ಓದುವ ಮಕ್ಕಳು ನಲ್ವತ್ತು. ಏಳು ಭಾಗ ಮಾಡಿ, ಹೊಲಿದು ರಟ್ಟು ಹಾಕಿದೆ. ಈಗ ಏಳು ಜನ ಒಟ್ಟಿಗೆ ಓದ್ತಾರೆ.”

“ಲೈಬ್ರರಿಯಲ್ಲೇ ಕೂತು ಓದಲಿ. ಮನೆಗೆ ಯಾಕೆ ಕೊಟ್ಟದ್ದು?”

“ದ್ವೀಪಗಳಿಂದ ಬರುವ ಮಕ್ಕಳು ನಾಲ್ಕೂವರೆಯ ಬೋಟಿಗೆ ಓಡಬೇಕು. ಅವರ ಸರದಿ ಬರುವುದು ಯಾವಾಗ?”

“ನಿನಗೆ ಪ್ರಿನ್ಸಿಪಾಲರು ಕೊಟ್ಟ ಮೆಮೊ ಟೈಪ್ ಮಾಡಿದ್ದೇ ನಾನು. ತಪ್ಪಾಯ್ತು ಅಂತ ಒಂದು ಗೆರೆ ಬರೆದುಕೊಡು, ಮುಗೀತು.”

“ಬರೆಯುವುದಿಲ್ಲ. ಕಪಾಟಿನಲ್ಲಿ ಬೀಗ ಹಾಕಿ ಇಟ್ಟದ್ದು ತಪ್ಪಲ್ಲ, ಓದಿಸಿದ್ದು ತಪ್ಪಾ? ಫಿಸಿಕ್ಸ್ ಪುಸ್ತಕವನ್ನೂ ನಾಳೆಯೇ ಬಿಚ್ಚುವವಳು ನಾನು.”

“ಎಲ್ಲ ಭಾಗ ಇವತ್ತೇ ವಾಪಸು ತರಿಸಬೇಕು ಅಂತ ಆರ್ಡರ್ ಉಂಟು.”

“ತರಿಸಿ. ನಾಲ್ಕನೆಯದು ನಿಮ್ಮ ಮಗಳು ರತ್ನನ ಹತ್ತಿರ ಉಂಟು. ಅಲ್ಲಿಂದಲೇ ಶುರು ಮಾಡಿ.”

ಸಾಲು ಮುಂದೆ ಸರಿಯಿತು. ಆತ ಟಿಕೆಟಿಗೆ ಚಿಲ್ಲರೆ ಎಣಿಸಿದ.

“ಪರೀಕ್ಷೆ ಸೋಮವಾರ ಅಲ್ವಾ?”

“ಹೌದು.”

ಬೋಟು ಬಂತು. ಹಲಗೆಯ ಮೇಲೆ ಕಾಲಿಡುತ್ತ ಆತ ದನಿ ತಗ್ಗಿಸಿದ.

“ಸೋಮವಾರದೊಳಗೆ ರತ್ನನಿಗೆ ಐದನೆಯದೂ ಬೇಕಲ್ಲ. ಯಾರ ಹತ್ತಿರ ಉಂಟು?”