ಹದಿನಾರಕ್ಕೆ ನಿಂತ ಎಣಿಕೆ

ರಾತ್ರಿ ಹತ್ತೂವರೆ. ಓಣಿಯ ತುದಿಯ ಬಾವಿ ದಾಟಿ ಇಬ್ಬರು ರೂಮಿಗೆ ಹೊರಟಿದ್ದರು. ಒಬ್ಬಳು ನಮ್ಮ ಚಿಕ್ಕಮ್ಮನ ಮಗಳು, ಇನ್ನೊಬ್ಬ ಅವರ ನಾಟಕ ತಂಡದ ಲೈಟಿನವನು. ಬಾವಿಗೆ ಕಟ್ಟೆಯಿಲ್ಲ... ನೆಲದ ಮಟ್ಟಕ್ಕೇ ಬಾಯಿ. ಅವನ ಕಾಲಿಗೆ ತಾಗಿ ಒಂದು ಕಲ್ಲು ಉರುಳಿತು. ತುಂಬ ಹೊತ್ತಾದ ಮೇಲೆ, ಕೆಳಗೆಲ್ಲೋ... ಬುಳುಕ್.

"ಅಕ್ಕಾ, ದೀಪದ ಕಂಬದಿಂದ ಇಲ್ಲಿಗೆ ಎಷ್ಟು ಹೆಜ್ಜೆ?"

"ಹದಿನೆಂಟು. ಹತ್ತಕ್ಕೆ ನಿಲ್ಲಿಸ್ತೀನಿ."

ಅವರ ನಾಟಕಕ್ಕೆ ರಂಗಮಂದಿರ ಬೇಡ. ನೋಡಲು ಬಂದವರ ಕಿವಿಗೆ ಹೆಡ್‌ಫೋನ್ ಹಾಕಿ ಬೀದಿಗೆ ಬಿಡುತ್ತಾರೆ. ಕಿವಿಯೊಳಗಿನ ದನಿ ಹೇಳಿದಂತೆ ತಿರುಗಬೇಕು, ಕೂರಬೇಕು, ಒಂದು ಕಡೆ ಕಣ್ಣು ಮುಚ್ಚಿ, ಅದು ಎಣಿಸಿದಂತೆ ಇಪ್ಪತ್ತು ಹೆಜ್ಜೆ ನಡೆಯಬೇಕು. ಊರು ಬದಲಾದರೆ ಬೀದಿಯೂ ಬದಲು. ಹೊಸ ಬೀದಿ ಅಳೆದು ಅದಕ್ಕೆ ತಕ್ಕಂತೆ ದನಿಯನ್ನು ಕತ್ತರಿಸುವುದು ಇವಳ ಕೆಲಸ. "ಹೆಜ್ಜೆ ಎಣಿಸೋಕೂ ಸಂಬಳ ಕೊಡ್ತಾರೇನೇ?" ಅಂತ ಚಿಕ್ಕಪ್ಪನಿಗೆ ಇವತ್ತಿಗೂ ಅನುಮಾನ.

ದನಿ ಒಬ್ಬ ಹಳೆಯ ನಟಿಯದು. ತಂಡಕ್ಕೆಲ್ಲ ಅಜ್ಜಿ. ತೀರಿಕೊಂಡು ಎರಡು ವರ್ಷವಾಗಿತ್ತು. ಹಾಗಾಗಿ ಹೊಸದಾಗಿ ಒಂದಕ್ಷರ ಹೇಳಿಸುವಂತಿಲ್ಲ. ಇದ್ದದ್ದನ್ನೇ ಕತ್ತರಿಸಬೇಕು, ಅಂಟಿಸಬೇಕು.

ಆ ರಾತ್ರಿಯೇ ಎಣಿಕೆಯನ್ನು ಹತ್ತಕ್ಕೆ ಕತ್ತರಿಸಿದಳು. ಹತ್ತು ಹೆಡ್‌ಫೋನ್‌ಗಳಿಗೂ ತುಂಬಿದಳು. ಹನ್ನೊಂದನೆಯದು ಮಂಚದ ಕೆಳಗೆ ಚಾರ್ಜಿಗೆ ಹಾಕಿತ್ತು... ಮರೆತಳು. ಅದರೊಳಗೆ ಹಿಂದಿನ ಊರಿನ ಇಪ್ಪತ್ತೇ ಉಳಿಯಿತು.

ಮರುದಿನ ರಾತ್ರಿ ತಾಲೀಮು. ಹತ್ತು ಜನ ಹೋಗಿ, ಸುತ್ತಿ, ವಾಪಸು ಬಂದರು. ಹೆಡ್‌ಫೋನ್ ಪೆಟ್ಟಿಗೆಗೆ ಹಾಕುವಾಗ ಇವಳು ಕೇಳಿದಳು, "ಲೈಟಿನವನೆಲ್ಲಿ?"

"ತಡವಾಗಿ ಬಂದ. ರೂಮಲ್ಲಿ ಇನ್ನೊಂದಿತ್ತಲ್ಲ, ಅದನ್ನ ಹಾಕ್ಕೊಂಡು ಹೋದ."

ಚಪ್ಪಲಿ ಬಿಟ್ಟು ಓಡಿದಳು. ಇಪ್ಪತ್ತು ಹೆಜ್ಜೆ... ಬಾವಿ ಹದಿನೆಂಟಕ್ಕೆ. ಕೂಗಿದರೆ ಕೇಳುವುದಿಲ್ಲ, ಕಿವಿ ಮುಚ್ಚಿದೆ. ಓಣಿಯಲ್ಲಿ ಅವಳ ಪಾದದ ಪಟ್ ಪಟ್ ಬಿಟ್ಟರೆ ಬೇರೆ ಸದ್ದಿಲ್ಲ.

ಅವನು ನಿಂತಿದ್ದ. ಕಣ್ಣು ಮುಚ್ಚಿಯೇ ಇತ್ತು. ಬಾವಿಗೆ ಎರಡು ಹೆಜ್ಜೆ.

ತೋಳು ಹಿಡಿದು ಹಿಂದಕ್ಕೆಳೆದಳು. ಅವನು ಕಣ್ಣು ಬಿಟ್ಟು, ಕೆಳಗೆ ನೋಡಿ, ಅಲ್ಲೇ ಕುಕ್ಕರಿಸಿದ.

"ಯಾಕೋ ನಿಂತೆ?" ಪಿಸುಗುಟ್ಟಿದಳು.

"ಅಜ್ಜಿ ಹದಿನಾರಕ್ಕೆ ನಿಲ್ಲಿಸಿದ್ರು. ಆಮೇಲೆ... ಉಸಿರು ಬಿಗಿಹಿಡಿದ ಹಾಗೆ. ಹತ್ತು ಬಿಟ್ಟು ಹದಿನಾರಕ್ಕೆ ನೀನೇ ಕತ್ತರಿಸಿದ್ದೀಯ ಅಂದ್ಕೊಂಡೆ."

"ನಾನು ಹತ್ತಕ್ಕೆ ಕತ್ತರಿಸಿದ್ದು ಕಣೋ."

ಅವನ ಹೆಡ್‌ಫೋನ್ ಕಿತ್ತು ತನ್ನ ಕಿವಿಗಿಟ್ಟು ಮೊದಲಿಂದ ಕೇಳಿದಳು. ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು... ಇಪ್ಪತ್ತರವರೆಗೂ ಅಜ್ಜಿ ಒಂದೇ ಲಯದಲ್ಲಿ ಎಣಿಸಿದರು. ತಡೆಯಿಲ್ಲ, ಉಸಿರಿಲ್ಲ.

ತಂಡದಲ್ಲಿ ಯಾರಿಗೂ ಹೇಳಲಿಲ್ಲ. ಬಾವಿಯ ಸುತ್ತ ಹಗ್ಗ ಕಟ್ಟಿ ಆಟ ಮುಗಿಸಿದರು.

ಮುಂದಿನ ಊರಲ್ಲಿ ಸಿಕ್ಕಿದ್ದು ಮೈದಾನ. ಸಮತಟ್ಟು. ಬಾವಿಯಿಲ್ಲ, ಚರಂಡಿಯಿಲ್ಲ. ಇಪ್ಪತ್ತಲ್ಲ, ಇನ್ನೂರು ಹೆಜ್ಜೆಗೂ ಜಾಗ. ಕತ್ತರಿಸುವ ಕೆಲಸವೇ ಇಲ್ಲ ಅಂತ ಖುಷಿಯಾಗಿ ಮೈದಾನದ ನಡುವೆ ನಿಂತು, ಕಣ್ಣು ಮುಚ್ಚಿ, ಪೂರ್ತಿ ಇಪ್ಪತ್ತಿದ್ದ ಹೆಡ್‌ಫೋನ್ ಹಾಕಿಕೊಂಡಳು.

ಒಂದು. ಎರಡು. ಮೂರು...

ಆಮೇಲೆ ಉಸಿರು. ಬಿಗಿಹಿಡಿದದ್ದು.

ಆ ಊರಲ್ಲಿ ಕಣ್ಣು ಮುಚ್ಚಿದ ನಡಿಗೆ ಮೂರೇ ಹೆಜ್ಜೆಯದು. ನೋಡಲು ಬಂದ ಇನ್ನೂರ ಹತ್ತು ಜನರಲ್ಲಿ ಒಬ್ಬರನ್ನೂ ಅವಳು ನಾಲ್ಕನೆಯದಕ್ಕೆ ಬಿಡಲಿಲ್ಲ. ಕತೆ ಕಟ್ಟುವ ಪೈಕಿ ಅಲ್ಲ ಅವಳು, ಅಳತೆಯವಳು. ನಡೆದದ್ದು ನಡೆದ ಹಾಗೇ ಹೇಳಿದ್ದಾಳೆ. ನಾಲ್ಕನೇ ಹೆಜ್ಜೆ ಬೀಳಬೇಕಿದ್ದ ಕಡೆ ಹಗಲಲ್ಲಿ ಹೋಗಿ ನೋಡಿದಳಂತೆ... ಬರೀ ಹುಲ್ಲು.